ಪಟ್ಟಿಯಲ್ಲಿಲ್ಲದ ಯಂತ್ರ

೨೦೦೬ನೆಯ ಇಸವಿಯ ಆಗಸ್ಟ್ ತಿಂಗಳ ಒಂದು ಮಂಗಳವಾರ ನಾನು ಲೆಕ್ಕ ಬರೆಯುತ್ತಿದ್ದ ಮಾಚೇನಹಳ್ಳಿಯ ಎರಕದ ಫೌಂಡ್ರಿಯಲ್ಲಿ, ತಿರಸ್ಕೃತ ಮಾಲನ್ನು ದಾಖಲಿಸುವ ರಿಜೆಕ್ಷನ್ ರಿಜಿಸ್ಟರಿನಲ್ಲಿ, ಈ ವಾಕ್ಯವನ್ನು ಬರೆದೆ: ‘ಕಾರಣ: ಪ್ಯಾಟರ್ನ್ ಮಾಡಿದ ಚೌಡಪ್ಪನವರ ದೃಷ್ಟಿದೋಷ.’ ಹೇಳಿ ಬರೆಸಿದವರು ಮಾಲೀಕರಾದ ಶಿವಮೂರ್ತಪ್ಪನವರು. ಆದರೆ ಅಕ್ಷರ ನನ್ನದು, ಶಾಯಿ ನನ್ನ ಪೆನ್ನಿನದು. ಆರು ದಿನಗಳ ಬಳಿಕ ಅದೇ ವಾಕ್ಯದ ಮೇಲೆ ಗೆರೆ ಎಳೆದವಳೂ ನಾನೇ. ಈ ಎರಡರ ನಡುವೆ ಚೌಡಪ್ಪನವರ ಮಗಳು ಜಯಶೀಲಾ ಏನು ಮಾಡಿದಳೆಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅವಳನ್ನು ಯಾರೂ ಕರೆದು ಶಾಲು ಹೊದಿಸಲಿಲ್ಲ. ಹೊದಿಸಲು ಬಂದಿದ್ದರೆ ಅವಳು ಬಾಗಿಲನ್ನೇ ತೆರೆಯುತ್ತಿರಲಿಲ್ಲ.

ಎರಕದ ಕೆಲಸ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಕಬ್ಬಿಣದ ಯಾವ ಭಾಗ ಬೇಕೋ ಅದರದೇ ಆಕಾರವನ್ನು ಮೊದಲು ಮರದಲ್ಲಿ ಕೆತ್ತುತ್ತಾರೆ. ಅದೇ ಪ್ಯಾಟರ್ನ್. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಗುಳಿ ಉಳಿಯುತ್ತದೆ. ಗುಳಿಗೆ ಕಾದ ಕಬ್ಬಿಣವನ್ನು ಹೊಯ್ಯುತ್ತಾರೆ. ಮರದಲ್ಲಿ ತಪ್ಪಿದ್ದು ಕಬ್ಬಿಣದಲ್ಲಿ ಸರಿಯಾಗುವುದಿಲ್ಲ. ಚೌಡಪ್ಪನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಅಷ್ಟು ವರ್ಷಗಳಲ್ಲಿ ಅವರ ಕೈಯಿಂದ ಬಂದ ಒಂದೇ ಒಂದು ಪ್ಯಾಟರ್ನ್ ಕೂಡ ತಿರುಗಿ ಬಂದಿರಲಿಲ್ಲ. ಸ್ವಯಂ ನಿವೃತ್ತಿ ಪಡೆದ ಮೇಲೆ ಭದ್ರಾವತಿಯ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಾಚೇನಹಳ್ಳಿಯ ಫೌಂಡ್ರಿಗಳಿಗೆ ಕೆಲಸ ಮಾಡಿಕೊಡುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಉಕ್ಕಿನ ಸ್ಕೇಲು ಇರುತ್ತಿತ್ತು. ಕಬ್ಬಿಣ ಆರುವಾಗ ಕುಗ್ಗುವುದರಿಂದ ಪ್ಯಾಟರ್ನ್ ಮಾಡುವವರ ಸ್ಕೇಲಿನ ಗೆರೆಗಳು ನಿಜವಾದ ಅಳತೆಗಿಂತ ಕೂದಲೆಳೆಯಷ್ಟು ದೂರ ದೂರ ಇರುತ್ತವೆ. ಎಷ್ಟು ದೂರ ಎಂಬುದನ್ನು ಸ್ಕೇಲಿನ ತುದಿಯಲ್ಲೇ ಕೊರೆದಿರುತ್ತಾರೆ.

ಜಯಶೀಲಾ ನನಗೆ ಪರಿಚಯವಾದದ್ದು ಸಂಜೆಯ ಡಿಪ್ಲೊಮಾ ತರಗತಿಯಲ್ಲಿ. ನನಗಾಗ ಮೂವತ್ತೆಂಟು, ಅವಳಿಗೆ ಇಪ್ಪತ್ತನಾಲ್ಕು. ಹಗಲೆಲ್ಲ ದುಡಿದು ಸಂಜೆ ಆರಕ್ಕೆ ಬೆಂಚಿನ ಮೇಲೆ ಕುಳಿತುಕೊಳ್ಳುವವರಿಗೆ ಪುಸ್ತಕದ ಮೇಲೆ ಒಂದು ಬಗೆಯ ಹಟವಿರುತ್ತದೆ. ಓದನ್ನು ಯಾರೂ ನಮಗೆ ಕೊಟ್ಟದ್ದಲ್ಲ, ನಾವೇ ಕಿತ್ತುಕೊಂಡದ್ದು. ನಾನು ಲೆಕ್ಕಪತ್ರದ ಕಡೆಗೆ ಹೋದೆ. ಅವಳು ಯಂತ್ರಭಾಗಗಳ ಚಿತ್ರ ಬಿಡಿಸುವ ಕಡೆಗೆ ಹೋದಳು. ‘ಹೆಂಗಸು ಮರಳಿನ ಶೆಡ್ಡಿನಲ್ಲಿ ಏನು ಮಾಡ್ತಾಳೆ’ ಎಂದು ನಾಲ್ಕು ಫೌಂಡ್ರಿಯವರು ಅವಳನ್ನು ಬಾಗಿಲಿನಿಂದಲೇ ಕಳುಹಿಸಿದರು. ಐದನೆಯವರಾದ ಶಿವಮೂರ್ತಪ್ಪನವರು ಒಂದು ಚಿತ್ರ ಮಾಡಿಸಿ ನೋಡಿದರು. ಅಂದಿನಿಂದ ಚಿತ್ರ ಮಗಳದು, ಪ್ಯಾಟರ್ನ್ ಅಪ್ಪನದು ಎಂದು ಇಬ್ಬರಿಗೂ ಒಟ್ಟಿಗೆ ಕೆಲಸ ಬರತೊಡಗಿತು.

ಅವಳು ಚಿತ್ರ ಮಾಡುತ್ತಿದ್ದುದು ಲ್ಯಾಪ್‌ಟಾಪಿನಲ್ಲಿ. ಸವಳಂಗ ರಸ್ತೆಯ ಜ್ಞಾನೇಶನ ಕಂಪ್ಯೂಟರ್ ಅಂಗಡಿಯಿಂದ ತಂದ, ಮೂರು ವರ್ಷದ ಹಿಂದಿನ ಮಾದರಿಯ, ಬೇರೆಯವರು ಬಳಸಿ ಬಿಟ್ಟ ಯಂತ್ರ. ಫೌಂಡ್ರಿಯ ಒಳಗೆ ಹೊತ್ತುಕೊಂಡು ಹೋಗಿ ಮರಳಿನ ಅಚ್ಚು ಮಾಡುವ ಮೋಲ್ಡರುಗಳಿಗೆ ತೋರಿಸಬೇಕಾದ್ದರಿಂದ ಮೇಜಿನ ಮೇಲಿಡುವ ಕಂಪ್ಯೂಟರ್ ಅವಳಿಗೆ ಪ್ರಯೋಜನವಿರಲಿಲ್ಲ. ಅದರಲ್ಲಿ ಭಾಗವನ್ನು ನಾಲ್ಕು ಕಡೆಯಿಂದಲೂ ತಿರುಗಿಸಿ ನೋಡಬಹುದಿತ್ತು. ಚೌಡಪ್ಪನವರಿಗೆ ಅದು ಬಹಳ ಹಿಡಿಸಿತ್ತು. ಕಾರ್ಖಾನೆಯಲ್ಲಿದ್ದಾಗ ಅವರು ಗೆರೆ-ಅಳತೆಗಳ ಹಾಳೆಯನ್ನಷ್ಟೇ ನೋಡಿ ಉಳಿ ಎತ್ತಿದವರಲ್ಲ. ಹಳೆಯ ತುಂಡೊಂದನ್ನು ಕೈಯಲ್ಲಿ ಹಿಡಿದು, ಹೊರಳಿಸಿ, ಬೆರಳಿನಿಂದ ಸವರಿ, ಆಮೇಲೆ ಕೆಲಸಕ್ಕೆ ಕೂರುತ್ತಿದ್ದರು. ಈಗ ಹಾಳೆಯಲ್ಲಿ ಒಳಗಿನ ತೂತುಗಳನ್ನು ತೋರಿಸುವ ಸಣ್ಣ ಚುಕ್ಕೆಗೆರೆಗಳು ಕಣ್ಣಿಗೆ ಸಿಗುತ್ತಿರಲಿಲ್ಲ. ‘ತಿರುಗ್ಸು ಮಗಾ, ಇನ್ನೊಂಚೂರು ತಿರುಗ್ಸು’ ಎಂದು ಪರದೆಯ ಮುಂದೆ ಕುಳಿತುಕೊಳ್ಳುತ್ತಿದ್ದರು. ಜಯಶೀಲಾ ಆರು ಕಡೆಯಿಂದ ಬಣ್ಣದ ಚಿತ್ರಗಳನ್ನು ಮುದ್ರಿಸಿ ಅವರ ಬೆಂಚಿನ ಮೇಲಿನ ಹಲಗೆಗೆ ಮೊಳೆ ಹೊಡೆಯುತ್ತಿದ್ದಳು. ಅಳತೆಗಾಗಿ ಹಾಳೆ, ಆಕಾರಕ್ಕಾಗಿ ಚಿತ್ರ. ಇದು ಆ ಮನೆಯ ಪದ್ಧತಿ. ತಪ್ಪು ಹುಟ್ಟಿದ್ದೂ ಅಲ್ಲೇ.

ಹುಬ್ಬಳ್ಳಿ ಕಡೆಯ ಒಂದು ಪಂಪ್ ಕಂಪನಿಗೆ ಪಂಪಿನ ಹೊರಕವಚ ಬೇಕಿತ್ತು. ಅದರ ಪಕ್ಕದಲ್ಲಿ ನೀರು ಹಾಯುವ ಒಂದು ದೊಡ್ಡ ಓರೆ ತೂತು. ಅಷ್ಟು ದೊಡ್ಡ ತೂತನ್ನು ಎರಕದಲ್ಲೇ ಬಿಡಬೇಕು. ಚಿಕ್ಕದಾದರೆ ಮಾತ್ರ ಆಮೇಲೆ ಡ್ರಿಲ್ ಹೊಡೆಯುತ್ತಾರೆ. ಚೌಡಪ್ಪನವರು ಪ್ಯಾಟರ್ನ್ ಮಾಡಿದರು, ಫೌಂಡ್ರಿ ಎರಕ ಹೊಯ್ದಿತು, ಮರಳು ಒಡೆದು ನೋಡಿದರೆ ನಲವತ್ತು ಕವಚಗಳಲ್ಲಿ ಒಂದರಲ್ಲೂ ಆ ತೂತಿರಲಿಲ್ಲ.

ಅಂದು ಕಚೇರಿಯಲ್ಲಿ ನಾವು ನಾಲ್ವರಿದ್ದೆವು. ಶಿವಮೂರ್ತಪ್ಪನವರು ಕೂಗಾಡುವವರಲ್ಲ. ಮೇಜಿನ ಮೇಲೆ ಆ ಕವಚವನ್ನಿಟ್ಟು, ತೂತಿರಬೇಕಾದ ಜಾಗವನ್ನು ಪೆನ್ನಿನಿಂದ ಟಕಟಕ ಕುಟ್ಟಿದರು.

"ಚೌಡಪ್ಪಾ, ಇದೆಲ್ಲಿ ಹೋಯ್ತು?"

"ಚಿತ್ರದಲ್ಲಿ ಇರ್ಲಿಲ್ಲ ಸಾಹುಕಾರ್ರೇ. ಹಾಳೇಲಿ ಏನೋ ಚುಕ್ಕಿ ಇತ್ತು. ಚಿತ್ರದಲ್ಲಿಲ್ಲ ಅಂದ್ಮೇಲೆ ಡ್ರಿಲ್ ಹೊಡ್ಕೊಳ್ತಾರೆ ಅಂದ್ಕೊಂಡೆ."

"ನಾನು ತೂತು ಹಾಕಿದ್ದೀನಿ ಸಾರ್," ಎಂದಳು ಜಯಶೀಲಾ. "ನನ್ನ ಫೈಲಲ್ಲಿದೆ."

"ಹಾಗಾದ್ರೆ ಇಬ್ಬರಲ್ಲಿ ಒಬ್ರು ತಪ್ಪು ಮಾಡಿರ್ಬೇಕಲ್ಲಮ್ಮ. ಸೋಮವಾರ ಕಂಪನಿ ಇನ್‌ಸ್ಪೆಕ್ಟರ್ ಶಿವಪ್ರಸಾದ್ ಬರ್ತಾರೆ. ಕಾರಣ ಬರ್ದಿರ್ಬೇಕು, ಅವರು ಸೈನ್ ಹಾಕ್ಬೇಕು. ಫೌಂಡ್ರಿ ತಪ್ಪು ಅಂತ ನಾನು ಬರ್ಕೊಳ್ಳಲ್ಲ. ನಿನ್ನದು ಅಂತ ಬರೆದ್ರೆ ನಾಳೆಯಿಂದ ನಿನ್ನ ಚಿತ್ರಾನ ಈ ಏರಿಯಾದಲ್ಲಿ ಯಾರು ಮುಟ್ತಾರೆ? ಚೌಡಪ್ಪಂಗೆ ವಯಸ್ಸಾಯ್ತು. ಕಣ್ಣು ಮಂಜಾಗೋದು ಯಾರಿಗೂ ಅವಮಾನ ಅಲ್ಲ. ನಿನಗೆ ಕೆಲಸ ಕೊಡೋದು ನಾನು ನಿಲ್ಲಿಸಲ್ಲ. ಪ್ಯಾಟರ್ನ್ ಬೇರೆಯವ್ರ ಹತ್ರ ಮಾಡ್ಸೋಣ."

ಅವರು ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದರು. ಇನ್‌ಸ್ಪೆಕ್ಟರ್ ಆ ಕಾರಣಕ್ಕೆ ಸಹಿ ಹಾಕಿದರೆ ಪಂಪ್ ಕಂಪನಿಯ ಒಪ್ಪಿತ ಪ್ಯಾಟರ್ನ್ ಕೆಲಸಗಾರರ ಪಟ್ಟಿಯಿಂದ ಚೌಡಪ್ಪನವರ ಹೆಸರು ಹೋಗುತ್ತಿತ್ತು. ಒಂದು ಪಟ್ಟಿಯಿಂದ ಬಿದ್ದ ಹೆಸರನ್ನು ಮಾಚೇನಹಳ್ಳಿಯಲ್ಲಿ ಬೇರಾವ ಫೌಂಡ್ರಿಯೂ ಎತ್ತಿಕೊಳ್ಳುವುದಿಲ್ಲ. ಚೌಡಪ್ಪನವರು ನೆಲ ನೋಡುತ್ತಾ "ಹಂಗೇ ಬರ್ಕೊಳ್ಳಿ, ಹುಡುಗಿ ಕೆಲಸ ಉಳೀಲಿ" ಎಂದರು.

"ಬರೀರಿ ದಾಕ್ಷಾಯಣಮ್ಮ," ಎಂದರು ಮಾಲೀಕರು. ನಾನು ಬರೆದೆ.

ಜಯಶೀಲಾ ನನ್ನ ಕಡೆ ಒಮ್ಮೆ ನೋಡಿದಳು. "ಬರೆದಿದ್ದೀರಲ್ಲ ಅಕ್ಕ. ಸೋಮವಾರ ನಿಮ್ಮ ಕೈಯಲ್ಲೇ ಹೊಡೆದು ಹಾಕಿಸ್ತೀನಿ," ಎಂದು ಹೇಳಿ, ಅಪ್ಪನ ತೋಳು ಹಿಡಿದು ಹೊರಟಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಅವಳು ಮಾಡಿದ ಮೊದಲ ಕೆಲಸವೆಂದರೆ ಆ ಫೈಲನ್ನು ಸಿಡಿಯಲ್ಲಿ ಹಾಕಿಕೊಂಡು ನಾವು ಓದಿದ ಸಂಸ್ಥೆಗೆ ಹೋದದ್ದು. ಅಲ್ಲಿಯ ಮೇಜಿನ ಕಂಪ್ಯೂಟರಿನಲ್ಲಿ ತೆರೆದಾಗ ಕವಚದ ಪಕ್ಕದಲ್ಲಿ ತೂತು ಸ್ಪಷ್ಟವಾಗಿತ್ತು. ಅದರ ಮೂಲಕ ಆಚೆಯ ಬಿಳಿ ಕಾಣುತ್ತಿತ್ತು. ಪಕ್ಕದಲ್ಲೇ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಫೈಲನ್ನು ತೆರೆದಳು. ಅಲ್ಲಿ ತೂತು ಮುಚ್ಚಿ ಹೋಗಿತ್ತು, ನಯವಾಗಿ ಬಣ್ಣ ಬಳಿದಂತೆ. ಬರಿಯ ಗೆರೆಗಳಲ್ಲಿ ನೋಡಿದರೆ ತೂತಿದೆ, ಬಣ್ಣ ತುಂಬಿಸಿದರೆ ಇಲ್ಲ. ಓರೆಯಾಗಿ ಕೊರೆದ ತೂತುಗಳನ್ನು ಮಾತ್ರ ಆ ಯಂತ್ರ ಮುಚ್ಚುತ್ತಿತ್ತು. ಅಲ್ಲಿಯವರೆಗೆ ಅವಳಿಗೆ ಓರೆ ತೂತಿನ ಕೆಲಸ ಬಂದಿರಲಿಲ್ಲ.

ಅವಳು ನೇರವಾಗಿ ಫೌಂಡ್ರಿಗೆ ಬಂದು ಶಿವಮೂರ್ತಪ್ಪನವರಿಗೆ ಇದನ್ನು ಹೇಳಿದಳು. ಅವರು ಒಪ್ಪಲಿಲ್ಲ.

"ಅದು ಬೇರೆ ಮಷೀನು. ಮಧ್ಯೆ ನೀನು ಫೈಲ್ ತಿದ್ದಿಲ್ಲ ಅಂತ ಇನ್‌ಸ್ಪೆಕ್ಟರ್ ಯಾಕೆ ನಂಬಬೇಕು? ಅಪ್ಪನ್ನ ಉಳಿಸ್ಕೊಳ್ಳೋಕೆ ಮಗಳು ಏನು ಬೇಕಾದ್ರೂ ಮಾಡ್ತಾಳೆ ಅಂತಾರೆ."

"ಹಾಗಾದ್ರೆ ಇದೇ ಮಷೀನಲ್ಲಿ, ಇದೇ ಫೈಲಲ್ಲಿ, ಮುಚ್ಚಿರೋ ತೂತನ್ನ ಅವರ ಕಣ್ಣೆದುರಿಗೆ ತೆರೆದು ತೋರಿಸಿದ್ರೆ?"

"ತೋರ್ಸು. ನಾನೇ ನಿಂತು ಆ ಸಾಲು ಹೊಡೆಸ್ತೀನಿ," ಎಂದರು. ಆಗಲಾರದು ಎಂಬ ಧೈರ್ಯ ಅವರಿಗಿತ್ತು.

ಬುಧವಾರ ಮಧ್ಯಾಹ್ನ ಅವಳು ಜ್ಞಾನೇಶನ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಅರ್ಧ ದಿನ ರಜೆ ಹಾಕಿದ್ದೆ. ಏಕೆ ಹಾಕಿದೆನೆಂದು ಅವಳು ಕೇಳಲಿಲ್ಲ. ಜ್ಞಾನೇಶ ಮಾತುಗಾರ, ಆದರೆ ಕೆಲಸ ಬಲ್ಲವನು. ಯಂತ್ರವನ್ನು ಎರಡು ನಿಮಿಷ ಒತ್ತಿ ನೋಡಿ ಹಿಂದಕ್ಕೆ ಸರಿಸಿದ.

"ಇದು ಡ್ರೈವರ್ ದೋಷ. ಪರದೆ ಮೇಲೆ ಚಿತ್ರ ಮೂಡಿಸೋ ಚಿಪ್ಪಿಗೂ ಕಂಪ್ಯೂಟರಿಗೂ ಮಧ್ಯೆ ಮಾತು ದಾಟಿಸೋ ಪ್ರೋಗ್ರಾಮ್ ಇರುತ್ತಲ್ಲ, ಅದು. ಸಂಸ್ಥೆ ಕಂಪ್ಯೂಟರಲ್ಲಿ ಹೊಸದಿದೆ, ನಿನ್ನದರಲ್ಲಿ ಮೂರು ವರ್ಷದ ಹಳೇದು."

"ಹೊಸದು ಹಾಕು."

"ಎಲ್ಲಿಂದ ತರ್ಲಿ ಮಾರಾಯ್ತಿ? ನೋಡು, ಇಂಥ ಗ್ರಾಫಿಕ್ಸ್ ಚಿಪ್ ಮಾಡೋ ದೊಡ್ಡ ಕಂಪನಿ ಇರೋದು ಎರಡು. ಇಬ್ರಿಗೂ ದಿನಾ ಜಟಾಪಟಿ. ಇವತ್ತು ಅವನೊಂದು ಬಿಟ್ರೆ ನಾಳೆ ಇವನೊಂದು. ಮೇಜಿನ ಕಂಪ್ಯೂಟರಿಗೆ ತಿಂಗಳು ತಿಂಗಳು ಹೊಸ ಡ್ರೈವರ್ ಬಿಡ್ತಾರೆ. ಯಾಕೆ ಹೇಳು? ಅಲ್ಲಿ ಕಾರ್ಡು ಕಿತ್ತು ಎದುರಾಳಿದು ಸಿಕ್ಕಿಸ್ಕೋಬಹುದು. ಗಿರಾಕಿ ಓಡ್ಹೋಗ್ತಾನೆ ಅನ್ನೋ ಭಯ. ಲ್ಯಾಪ್‌ಟಾಪಲ್ಲಿ ಚಿಪ್ಪು ಬೋರ್ಡಿಗೇ ಬೆಸುಗೆ. ನೀನೆಲ್ಲಿಗೆ ಓಡ್ತೀಯ?"

"ಮತ್ತೆ ನಮಗೆ ಕೊಡೋರು ಯಾರು?"

"ಲ್ಯಾಪ್‌ಟಾಪ್ ಮಾಡಿದೋರನ್ನ ಕೇಳಿ ಅಂತಾರೆ ಚಿಪ್ಪಿನವ್ರು. ಲ್ಯಾಪ್‌ಟಾಪಿನವ್ರು ಮಾರಿದ ವರ್ಷ ಒಂದು ಡ್ರೈವರ್ ಕೊಟ್ಟು ಕೈ ತೊಳ್ಕೊಂಡ್ರು. ಈಗ ಅವರಿಗೆ ಹೊಸ ಮಾಡೆಲ್ ಮಾರ್ಬೇಕು. ನನಗೂ ಮಾರ್ಬೇಕು, ಸುಳ್ಳು ಯಾಕೆ ಹೇಳ್ಲಿ. ತಗೋ ಒಂದು ಹೊಸದು."

"ಹೊಸದರಲ್ಲಿ ತೂತು ಕಂಡ್ರೆ ಅದು ಬೇರೆ ಮಷೀನು ಅಂತಾರೆ. ಇದರಲ್ಲೇ ಕಾಣ್ಬೇಕು." ಅವಳು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. "ಅವರಿಬ್ಬರು ಓಟ ಓಡೋದಕ್ಕೆ ನಮ್ಮಪ್ಪನ ಕಣ್ಣಿನ ಮೇಲೆ ತಪ್ಪು ಹೊರಿಸ್ಬೇಕಾ?"

ಲ್ಯಾಪ್‌ಟಾಪ್ ಕಂಪನಿಗೂ ಚಿಪ್ ಕಂಪನಿಗೂ ಅವಳು ಅಂದೇ ಇಮೇಲ್ ಬರೆದಳು. ಸಂಜೆ ತರಗತಿಯಲ್ಲಿ ಕಲಿತ ಇಂಗ್ಲಿಷು, ಒಂದು ಅಕ್ಷರವೂ ತಪ್ಪಿಲ್ಲದ ಪತ್ರ. ಯಾವ ತೂತು, ಯಾವ ಕೋನ, ಯಾವ ಡ್ರೈವರ್, ಎಲ್ಲವನ್ನೂ ವಿವರಿಸಿದ್ದಳು. ಗುರುವಾರ ಲ್ಯಾಪ್‌ಟಾಪಿನವರಿಂದ ಮೂರು ಸಾಲಿನ ಉತ್ತರ ಬಂತು. ಆ ಮಾದರಿಗೆ ಬೆಂಬಲ ನಿಂತಿದೆ, ವಿಚಾರಿಸಿದ್ದಕ್ಕೆ ವಂದನೆಗಳು, ನಮ್ಮ ಹೊಸ ಮಾದರಿಗಳನ್ನು ದಯವಿಟ್ಟು ನೋಡಿ. ಚಿಪ್ ಕಂಪನಿಯ ಉತ್ತರ ಇನ್ನೂ ಚಿಕ್ಕದು: ಲ್ಯಾಪ್‌ಟಾಪ್ ತಯಾರಕರನ್ನು ಸಂಪರ್ಕಿಸಿ. ಮುಂದೆ ಮೂರು ನಾಲ್ಕು ವರ್ಷಗಳಲ್ಲಿ ಪೈಪೋಟಿ ಲ್ಯಾಪ್‌ಟಾಪುಗಳ ಕಡೆಗೂ ಹೊರಳಿತು. ಆಗ ಚಿಪ್ ಕಂಪನಿಗಳು ಅವುಗಳಿಗೂ ತಾವೇ ಡ್ರೈವರ್ ಕೊಡತೊಡಗಿದವು ಎಂದು ಜ್ಞಾನೇಶ ಹೇಳಿದ. ಇರಬಹುದು. ಅವಳಿಗೆ ಅದು ಬೇಕಾಗಿದ್ದುದು ಆ ಸೋಮವಾರಕ್ಕೆ.

ಎರಡು ಉತ್ತರಗಳನ್ನೂ ಮುದ್ರಿಸಿಕೊಂಡು ಅವಳು ಶುಕ್ರವಾರ ಮತ್ತೆ ಜ್ಞಾನೇಶನ ಅಂಗಡಿಗೆ ಹೋದಳು.

"ಸಂಸ್ಥೆ ಕಂಪ್ಯೂಟರಲ್ಲಿರೋ ಚಿಪ್ಪೂ ನನ್ನದೂ ಒಂದೇ ಕಂಪನೀದು. ಎರಡಕ್ಕೂ ಏನು ವ್ಯತ್ಯಾಸ?"

"ಏನಿಲ್ಲ, ಅಣ್ಣ-ತಮ್ಮ ಇದ್ದಂಗೆ. ನಿನ್ನದು ಕರೆಂಟ್ ಕಮ್ಮಿ ತಿನ್ನುತ್ತೆ, ಅಷ್ಟೆ."

"ಹಾಗಿದ್ರೆ ಅದರ ಡ್ರೈವರ್ ಇದಕ್ಕೆ ಯಾಕೆ ಆಗಲ್ಲ?"

"ಹಾಕೋಕೆ ಹೋದ್ರೆ ಬೇಡ ಅನ್ನುತ್ತೆ. ಅದರೊಳಗೆ ಒಂದು ಫೈಲಿದೆ. ಯಾವ್ಯಾವ ಚಿಪ್ಪಿಗೆ ಆಗ್ಬಹುದು ಅಂತ ಪಟ್ಟಿ. ಅದರಲ್ಲಿ ನಿನ್ನ ಮಷೀನಿನ ನಂಬರಿಲ್ಲ."

"ಆ ಪಟ್ಟಿ ಯಾವ ಭಾಷೇಲಿದೆ?"

"ಭಾಷೆ ಏನು ಬಂತು, ಸಾದಾ ಅಕ್ಷರ. ನೋಟ್‌ಪ್ಯಾಡಲ್ಲಿ ತೆರೆದ್ರೆ ಕಾಣುತ್ತೆ."

"ಅಕ್ಷರದಲ್ಲಿ ಬರೆದಿದ್ದು ಅಂದ್ಮೇಲೆ ಇನ್ನೊಂದು ಸಾಲು ಬರೀಬಹುದಲ್ಲ."

ಜ್ಞಾನೇಶ ನಕ್ಕ. "ಏ ಮಾರಾಯ್ತಿ, ಹೊರದೇಶದಲ್ಲಿ ಹುಡುಗ್ರು ಆಟ ಆಡೋಕೆ ಹಂಗೆಲ್ಲ ಮಾಡ್ತಾರಂತೆ. ಪರದೆ ಕಪ್ಪಾಗಿ ಕೂತ್ರೆ ನನ್ನ ಹತ್ರ ತರ್ಬೇಡ."

"ತರಲ್ಲ. ನಿನ್ನ ಹತ್ರ ತಂದ್ರೆ ಹೊಸದು ಮಾರ್ತೀಯ."

ಶನಿವಾರ ಬೆಳಿಗ್ಗೆ ರವೀಂದ್ರನಗರದ ನಮ್ಮ ಮನೆಯ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಕುಳಿತು ಅವಳು ಹೊಸ ಡ್ರೈವರನ್ನು ಇಳಿಸಿಕೊಂಡಳು. ಮೂರು ಗಂಟೆ ಹಿಡಿಯಿತು. ಎರಡು ಸಲ ನಡುವೆ ಕಡಿದು ಹೋಯಿತು. ಆಮೇಲೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಚೌಡಪ್ಪನವರೂ ಬಂದಿದ್ದರು. ಮಂಗಳವಾರದಿಂದ ಅವರು ಉಳಿ ಮುಟ್ಟಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ, ಬೇರೆಯವರ ಮನೆಯಲ್ಲಿ ಬಹಳ ಹೊತ್ತು ಕೂರಬಾರದೆಂಬಂತೆ ತುದಿಯಲ್ಲಿ ಕುಳಿತಿದ್ದರು.

ಆ ಪಟ್ಟಿಯನ್ನು ನಾನೂ ನೋಡಿದೆ. ನೂರಾರು ಸಾಲುಗಳು, ಒಂದೊಂದರಲ್ಲೂ ಒಂದು ಚಿಪ್ಪಿನ ಸಂಖ್ಯೆ, ಅದರ ಮುಂದೆ ಅದನ್ನು ಯಾವ ಗುಂಪಿಗೆ ಸೇರಿಸಬೇಕೆಂಬ ಸೂಚನೆ. ಕೊನೆಯಲ್ಲಿ ಹೆಸರುಗಳು. ನನ್ನ ಕಚೇರಿಯ ರಿಜಿಸ್ಟರಿನಂತೆಯೇ ಇತ್ತು. ಯಾರೋ ಒಬ್ಬರು ಹೇಳಿದ್ದಾರೆ, ಯಾರೋ ಒಬ್ಬರು ಬರೆದಿದ್ದಾರೆ. ಜಯಶೀಲಾ ತನ್ನ ಚಿಪ್ಪಿನ ಸಂಖ್ಯೆಯನ್ನು ಕಂಡುಹಿಡಿದು, ಪಟ್ಟಿಯ ಅತ್ಯಂತ ಮೇಲಿನ, ಅತ್ಯಂತ ಹೊಸ ಚಿಪ್ಪಿನ ಸಾಲನ್ನು ನಕಲು ಮಾಡಿ ಅದರಲ್ಲಿ ತನ್ನ ಸಂಖ್ಯೆಯನ್ನು ಹಾಕಿದಳು. ಯಂತ್ರ ‘ಇದು ಪರೀಕ್ಷೆಗೊಳಪಟ್ಟಿಲ್ಲ, ಮುಂದುವರಿಯುವೆಯಾ’ ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿತು. "ಪರೀಕ್ಷೆ ನಾನು ಮಾಡ್ತೀನಿ," ಎಂದು ಅವಳು ಒತ್ತಿದಳು. ಮತ್ತೆ ಹೊತ್ತಿಸಿದಾಗ ಪರದೆ ಕಪ್ಪಾಗಿ ಕುಳಿತುಬಿಟ್ಟಿತು.

ಅವಳು ಯಂತ್ರವನ್ನು ಆರಿಸಿ, ಹಳೆಯ ಸ್ಥಿತಿಗೆ ತಂದು, ಮತ್ತೆ ಪಟ್ಟಿಯನ್ನು ತೆರೆದು ನೋಡುತ್ತಾ ಕುಳಿತಳು.

ಮೂಲೆಯಿಂದ ಚೌಡಪ್ಪನವರು ಕೇಳಿದರು, "ಯಾವ ಸಾಲಿನ ಪಕ್ಕ ಸೇರಿಸ್ದೆ?"

"ಎಲ್ಲಕ್ಕಿಂತ ಒಳ್ಳೇದರ ಪಕ್ಕ."

"ಒಳ್ಳೇದು ಕಟ್ಕೊಂಡು ಏನು ಮಾಡ್ತೀಯ? ಹೊನ್ನೆ ಪ್ಯಾಟರ್ನಿಗೆ ತೇಗದ ತುಂಡು ಅಂಟಿಸಿದ್ರೆ ಮಳೆಗಾಲದಲ್ಲಿ ಬಾಯಿ ಬಿಡುತ್ತೆ. ಜೋಡಿಸೋ ಮರ ಅದೇ ಜಾತೀದಾಗಿರ್ಬೇಕು. ನಿಂದು ಯಾವ ಜಾತಿ ನೋಡು."

ಜಯಶೀಲಾ ಅಪ್ಪನ ಕಡೆ ತಿರುಗಿ ನೋಡಿದಳು. ಮಂಗಳವಾರದಿಂದ ಅವರು ಕೆಲಸದ ಮಾತಾಡಿದ್ದು ಅದೇ ಮೊದಲು. ಅವಳು ಪಟ್ಟಿಯಲ್ಲಿ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋದಳು. ಮೂರು ವರ್ಷದ ಹಿಂದಿನ, ತನ್ನ ಚಿಪ್ಪಿನ ಅಣ್ಣನೆನ್ನಬಹುದಾದ ಮೇಜಿನ ಚಿಪ್ಪು ಇನ್ನೂ ಅಲ್ಲಿತ್ತು. ಕಂಪನಿ ಅದನ್ನು ಕೈಬಿಟ್ಟಿರಲಿಲ್ಲ. ಅದರ ಕೆಳಗೆ ತನ್ನ ಸಾಲನ್ನು ಬರೆದಳು. ಕೊನೆಯ ಹೆಸರುಗಳ ಭಾಗದಲ್ಲಿ ಒಂದು ಹೆಸರು ಕೊಡಬೇಕಿತ್ತು, ಏನು ಬೇಕಾದರೂ ಆಗುತ್ತಿತ್ತು. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ‘ಚೌಡಪ್ಪ’ ಎಂದು ಬರೆದಳು.

ಈ ಸಲ ಪರದೆ ಬೆಳಗಿತು. ಕವಚವನ್ನು ತೆರೆದು, ತಿರುಗಿಸಿ, ಬಣ್ಣ ತುಂಬಿದಳು. ಓರೆ ತೂತು ಕಣ್ಣು ಬಿಟ್ಟಿತು.

ಚೌಡಪ್ಪನವರು ಎದ್ದು ಬಂದು ಪರದೆಗೆ ಮುಖ ಹತ್ತಿರ ಮಾಡಿ ಬಹಳ ಹೊತ್ತು ನೋಡಿದರು. ಜೇಬಿನಿಂದ ಸ್ಕೇಲನ್ನು ತೆಗೆದು ಅದರ ತುದಿಯನ್ನು ತೋರಿಸಿದರು. "ನನ್ನ ಸ್ಕೇಲೂ ಸುಳ್ಳೇ ಹೇಳುತ್ತೆ ಕಣಮ್ಮ. ಆದ್ರೆ ಎಷ್ಟು ಸುಳ್ಳು ಅಂತ ಅದರ ಮೇಲೇ ಬರ್ದಿದೆ. ನಿನ್ನ ಈ ಪೆಟ್ಟಿಗೆ ಮೇಲೆ ಯಾರೂ ಬರ್ದಿರ್ಲಿಲ್ಲ."

ಒಂದು ದೋಷ ಮಾತ್ರ ಉಳಿಯಿತು. ಹೊಸ ಡ್ರೈವರ್ ಹಾಕಿದ ಮೇಲೆ ಲ್ಯಾಪ್‌ಟಾಪಿನ ಮುಚ್ಚಳವನ್ನು ಒಮ್ಮೆ ಮುಚ್ಚಿದರೆ ಪರದೆ ಮತ್ತೆ ಬೆಳಗುತ್ತಿರಲಿಲ್ಲ. ಆರಿಸಿ ಮುಚ್ಚಿದರೂ ಅಷ್ಟೆ, ಹೊರಗಿನ ಮಾನಿಟರ್ ಹಚ್ಚಿ ಎಬ್ಬಿಸಬೇಕಾಗುತ್ತಿತ್ತು. ಮೇಜಿನ ಕಂಪ್ಯೂಟರಿಗೆ ಮುಚ್ಚಳವೆಲ್ಲಿದೆ, ಅದಕ್ಕಾಗಿ ಮಾಡಿದ ಡ್ರೈವರಿಗೆ ಮುಚ್ಚಳದ ವಿಚಾರ ಹೇಗೆ ಗೊತ್ತಿರಬೇಕು? "ಮುಚ್ಚದಿದ್ರಾಯ್ತು," ಎಂದಳು ಜಯಶೀಲಾ. ಸೋಮವಾರ ಇನ್‌ಸ್ಪೆಕ್ಟರರ ಎದುರಿಗೇ ಬದಲಿಸಿ ತೋರಿಸಬೇಕಾದ್ದರಿಂದ ಹಳೆಯ ಡ್ರೈವರನ್ನೇ ಮತ್ತೆ ಹಾಕಿಕೊಂಡು ಮನೆಗೆ ಹೋದಳು.

ಸೋಮವಾರ ಹತ್ತೂವರೆಗೆ ಇನ್‌ಸ್ಪೆಕ್ಟರ್ ಶಿವಪ್ರಸಾದ್ ಬಂದರು. ಚಿಕ್ಕ ವಯಸ್ಸಿನ, ಬಿಗಿ ಮುಖದ ಮನುಷ್ಯ. ರಿಜಿಸ್ಟರ್ ಓದಿ ಪೆನ್ನು ತೆಗೆದರು.

"ಸೈನ್ ಹಾಕೋಕೆ ಮುಂಚೆ ಇದನ್ನ ನೋಡಿ ಸಾರ್," ಎಂದಳು ಜಯಶೀಲಾ.

"ಯಾರಿವರು?"

"ಡ್ರಾಯಿಂಗ್ ಮಾಡಿದೋರು," ಎಂದರು ಶಿವಮೂರ್ತಪ್ಪನವರು. "ಚೌಡಪ್ಪನ ಮಗಳು."

"ಡ್ರಾಯಿಂಗ್ ಮಾಡಿದೋಳು ಅಂದ್ರೆ ಸಾಕು," ಎಂದಳು ಅವಳು. "ಮಗಳು ಅನ್ನೋದು ಮನೇಲಿ."

ಅವಳು ಕವಚದ ಫೈಲನ್ನು ತೆರೆದಳು. ಬಣ್ಣದ ಚಿತ್ರದಲ್ಲಿ ತೂತಿಲ್ಲ. ಚೌಡಪ್ಪನವರ ಹಲಗೆಯಿಂದ ಕಿತ್ತು ತಂದ ಮುದ್ರಿತ ಚಿತ್ರವನ್ನು ಪಕ್ಕದಲ್ಲಿಟ್ಟಳು. ಎರಡೂ ಒಂದೇ. ಆಮೇಲೆ ಅವರೆದುರಿಗೇ ಆ ಫೈಲನ್ನು ಸಿಡಿಗೆ ಬರೆದು ಸಿಡಿಯನ್ನು ಇನ್‌ಸ್ಪೆಕ್ಟರರ ಕೈಗೆ ಕೊಟ್ಟಳು. "ಇದು ನಿಮ್ಮ ಜೇಬಲ್ಲಿರ್ಲಿ. ಇನ್ನು ನಾನು ಫೈಲ್ ತಿದ್ದೋ ಹಾಗಿಲ್ಲ." ಡ್ರೈವರ್ ಹಾಕತೊಡಗಿದಳು. ಎಚ್ಚರಿಕೆ ಬಂತು, ಒತ್ತಿದಳು. ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳತೊಡಗಿತು. ಅದೇ ಹೊತ್ತಿಗೆ ಒಳಗೆ ಕರೆಂಟಿನ ಕುಲುಮೆ ಹಚ್ಚಿದ್ದರಿಂದ ಕಚೇರಿಯ ದೀಪಗಳು ಕುಂದಿದವು. ಪರದೆ ಕಪ್ಪಾಗಿಯೇ ಇತ್ತು. ಶಿವಮೂರ್ತಪ್ಪನವರು ಗಂಟಲು ಸರಿಮಾಡಿಕೊಂಡರು.

"ಆಗಲ್ಲ ಅಂದ್ರೆ ಬಿಡಮ್ಮ. ಅವರ ಟೈಮ್ ಹಾಳು."

"ನಲವತ್ತು ಕವಚ ಹಾಳಾಗಿದೆ ಸಾರ್. ಒಂದು ನಿಮಿಷ ಕೊಡಿ."

ಪರದೆ ಬೆಳಗಿತು. ಅವಳು ತನ್ನ ಯಂತ್ರದಲ್ಲಿದ್ದ ಫೈಲನ್ನು ಮುಟ್ಟಲಿಲ್ಲ. ಇನ್‌ಸ್ಪೆಕ್ಟರರಿಂದ ಸಿಡಿಯನ್ನು ಕೇಳಿ ಪಡೆದು ಅದರಿಂದಲೇ ತೆರೆದಳು. ಕವಚವನ್ನು ಓರೆಯಾಗಿ ತಿರುಗಿಸಿದಳು. ತೂತಿನ ಮೂಲಕ ಆಚೆಯ ಬಿಳಿ ಕಂಡಿತು. ಇನ್‌ಸ್ಪೆಕ್ಟರ್ ಮುದ್ರಿತ ಚಿತ್ರವನ್ನು ಎತ್ತಿ ಪರದೆಯ ಪಕ್ಕ ಹಿಡಿದರು. ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದರು. ಆಮೇಲೆ ತಾವೇ ಮೌಸ್ ಹಿಡಿದು ತಿರುಗಿಸಿದರು.

"ಇದು ಯಾವ ಡ್ರೈವರು? ಲ್ಯಾಪ್‌ಟಾಪ್ ಕಂಪನೀದಾ?"

"ಅಲ್ಲ. ಅವರು ಕೊಡಲ್ಲ ಅಂದ್ರು. ಚಿಪ್ಪಿನವ್ರು ಲ್ಯಾಪ್‌ಟಾಪಿನವ್ರನ್ನೇ ಕೇಳಿ ಅಂದ್ರು, ಅವರ ಡ್ರೈವರಿನ ಪಟ್ಟೀಲಿ ಈ ಮಷೀನಿರ್ಲಿಲ್ಲ. ಸಾಲು ನಾನು ಸೇರಿಸ್ದೆ." ಎರಡು ಇಮೇಲುಗಳನ್ನೂ ಅವರ ಮುಂದಿಟ್ಟಳು.

ಇನ್‌ಸ್ಪೆಕ್ಟರ್ ಓದಿದರು. ಯಂತ್ರದ ವಿವರದಲ್ಲಿ ಚಿಪ್ಪಿನ ಹೆಸರಿನ ಜಾಗದಲ್ಲಿ ಇದ್ದ ಹೆಸರನ್ನೂ ಓದಿದರು. ಮೂಲೆಯಲ್ಲಿ ನಿಂತಿದ್ದ ಚೌಡಪ್ಪನವರನ್ನು ನೋಡಿದರು. ತುಟಿ ಒಂದಿಷ್ಟು ಅಲುಗಿತು, ಆದರೆ ನಗಲಿಲ್ಲ.

ಶಿವಮೂರ್ತಪ್ಪನವರು ಮಾತಿಗೆ ತಪ್ಪುವವರಲ್ಲ. "ಹೊಡೀರಿ ದಾಕ್ಷಾಯಣಮ್ಮ," ಎಂದರು. ನಾನು ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದೆ. ನನ್ನ ಗೆರೆ ಎಂದೂ ಅಷ್ಟು ನೇರವಾಗಿ ಬಂದದ್ದಿಲ್ಲ.

"ಈಗ ಕಾರಣ ಏನಂತ ಬರೀಬೇಕು?" ಎಂದರು ಇನ್‌ಸ್ಪೆಕ್ಟರ್. "ಡ್ರೈವರ್ ದೋಷ ಅಂತ ಬರೆದು ಮುಗಿಸೋಣವಾ?"

"ಅರ್ಧ ಅದು," ಎಂದಳು ಜಯಶೀಲಾ. "ಇನ್ನರ್ಧ ನಾನು ಬರೀತೀನಿ." ರಿಜಿಸ್ಟರನ್ನು ತನ್ನತ್ತ ತಿರುಗಿಸಿಕೊಂಡು ತನ್ನ ಗುಂಡಗಿನ ಅಕ್ಷರಗಳಲ್ಲಿ ಬರೆದಳು: ‘ಡ್ರೈವರ್ ದೋಷದಿಂದ ಚಿತ್ರದಲ್ಲಿ ತೂತು ಮುಚ್ಚಿತ್ತು. ಚಿತ್ರವನ್ನು ಅಳತೆಯ ಹಾಳೆಯೊಂದಿಗೆ ಹೋಲಿಸಿ ನೋಡದೆ ಕೊಟ್ಟದ್ದು ನನ್ನ ತಪ್ಪು. ಜಯಶೀಲಾ.’

"ಬೇಡ ಮಗಾ," ಎಂದು ಚೌಡಪ್ಪನವರು ಮುಂದೆ ಬಂದರು.

"ನೀನು ಸುಮ್ನಿರಪ್ಪ. ನಂದಲ್ಲದ್ದನ್ನ ನಾನು ಹೊರಲ್ಲ, ನಂದನ್ನ ನಿನ್ನ ತಲೆಗೆ ಕಟ್ಟೋದೂ ಇಲ್ಲ."

ಇನ್‌ಸ್ಪೆಕ್ಟರ್ ಪೆನ್ನನ್ನು ಬೆರಳುಗಳ ನಡುವೆ ತಿರುಗಿಸಿದರು. "ಯೋಚನೆ ಮಾಡಿ ಬರೆದ್ರಾ? ರಿಜಿಸ್ಟರಲ್ಲಿ ತಪ್ಪು ಒಪ್ಕೊಂಡವರ ಹೆಸರನ್ನ ನಮ್ಮ ಒಪ್ಪಿತ ಪಟ್ಟಿಯಿಂದ ತೆಗೀಬೇಕಾಗುತ್ತೆ."

"ನಾನು ನಿಮ್ಮ ಪಟ್ಟೀಲಿ ಎಲ್ಲಿದ್ದೀನಿ ಸಾರ್? ಪ್ಯಾಟರ್ನಿನವ್ರಿಗೆ ಪಟ್ಟಿ ಇದೆ, ಫೌಂಡ್ರಿಗೆ ಪಟ್ಟಿ ಇದೆ. ಡ್ರಾಯಿಂಗ್ ಮಾಡೋರಿಗೆ ನಿಮ್ಮಲ್ಲಿ ಪಟ್ಟೀನೇ ಇಲ್ಲ. ಮೊದಲು ಸೇರಿಸ್ಕೊಳ್ಳಿ, ಆಮೇಲೆ ಬೇಕಿದ್ರೆ ತೆಗೀರಿ."

ಶಿವಮೂರ್ತಪ್ಪನವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರ ಭುಜ ನಗುವಿಗೆ ಕುಲುಕುತ್ತಿತ್ತು. ಇನ್‌ಸ್ಪೆಕ್ಟರ್ ಸಹಿ ಹಾಕಿದರು. ಹೋಗುವಾಗ ಹೊಸ ಪ್ಯಾಟರ್ನ್ ಎಷ್ಟು ದಿನದಲ್ಲಿ ಆಗುತ್ತದೆಂದು ಚೌಡಪ್ಪನವರನ್ನೇ ಕೇಳಿದರು. ಚೌಡಪ್ಪನವರು ಜೇಬು ಮುಟ್ಟಿ ನೋಡಿಕೊಂಡು, "ಹಾಳೆ ನೋಡಿ ಹೇಳ್ತೀನಿ ಸಾರ್. ಚಿತ್ರ ಆಮೇಲೆ," ಎಂದರು.

ಮಧ್ಯಾಹ್ನ ನಾನು ಅವರಿಬ್ಬರನ್ನು ಭದ್ರಾವತಿಯ ಬಸ್ ಹತ್ತಿಸಲು ರಸ್ತೆಯವರೆಗೆ ಹೋದೆ. ನನ್ನ ಕ್ಷಮೆಯ ಮಾತನ್ನು ಹೇಗೆ ಆರಂಭಿಸಬೇಕೆಂದು ತಿಳಿಯಲಿಲ್ಲ. ಅವಳೇ "ಗೆರೆ ಚೆನ್ನಾಗಿ ಎಳೆದ್ರಿ ಅಕ್ಕ," ಎಂದಳು. ಅಷ್ಟಕ್ಕೆ ಆ ಲೆಕ್ಕ ಮುಗಿಯಿತು.

ಬಸ್ಸು ತುಂಬಿತ್ತು. ಜಯಶೀಲಾ ಲ್ಯಾಪ್‌ಟಾಪನ್ನು ಆರಿಸಿದ್ದಳು, ಆದರೆ ಮುಚ್ಚಳವನ್ನು ಮುಚ್ಚಿರಲಿಲ್ಲ. ತೆರೆದ ಯಂತ್ರವನ್ನು ಎರಡೂ ಕೈಗಳಲ್ಲಿ ಎದೆಯ ಮುಂದೆ ಹಿಡಿದು ಮೆಟ್ಟಿಲು ಹತ್ತಿದಳು. ಹಿಂದಿನಿಂದ ಚೌಡಪ್ಪನವರು ಪರದೆಗೆ ಯಾರ ಮೊಣಕೈಯೂ ತಾಗದಂತೆ ಅಂಗೈ ಅಡ್ಡ ಹಿಡಿದಿದ್ದರು.

"ಏನಮ್ಮ ಅದು, ಟೀವಿನಾ?" ಎಂದು ಕಂಡಕ್ಟರ್ ಕೂಗಿದ. "ಮುಚ್ಚಿ ಬ್ಯಾಗಿಗೆ ಹಾಕ್ಕೊಳ್ಳಮ್ಮ, ಜಾಗ ಇಲ್ಲ."

"ನಿಂತ್ಕೊಂಡೇ ಬರ್ತೀನಿ," ಎಂದಳು ಅವಳು. "ಮುಚ್ಚಲ್ಲ."